ಕಾಫಿ ಮಲೆನಾಡಿನಲ್ಲಿ ವಯಸ್ಕರ ಧರ್ಮೋಪದೇಶ: ಒಂದು ಪರಿಚಯ

ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಗಟ್ಟದ ಮೇಲೆ ನೆಂಟರಿಲ್ಲದ ಮನೆ ಸಿಗುವುದು ಕಷ್ಟ. ಒಬ್ಬರ ಅಜ್ಜನ ತಮ್ಮ ಮೂಡಿಗೆರೆ ಕಡೆಯ ತೋಟಕ್ಕೆ ರೈಟರಾಗಿ ಹೋದವರು, ಇನ್ನೊಬ್ಬರ ಅತ್ತೆಯನ್ನು ಬಾಳೆಹೊನ್ನೂರಿಗೆ ಮದುವೆ ಮಾಡಿ ಕೊಟ್ಟದ್ದು, ಮತ್ತೊಬ್ಬರ ಮನೆಯವರೇ ಕೊಯ್ಲಿನ ಕಾಲಕ್ಕೆ ಕಳಸದ ಕಡೆ ಹೋಗಿ ಬರುತ್ತಿದ್ದದ್ದು ಹೀಗೆ ಒಂದಲ್ಲ ಒಂದು ಸಂಬಂಧ ಇದ್ದೇ ಇರುತ್ತದೆ. ಆ ಕುಟುಂಬಗಳ ಮಕ್ಕಳು ಭಾನುವಾರದ ಧರ್ಮೋಪದೇಶ ತರಗತಿಗೆ ಹೋಗುತ್ತಾರೆ, ಪ್ರಥಮ ಪರಮಪ್ರಸಾದ ಸ್ವೀಕರಿಸುತ್ತಾರೆ, ದೃಢೀಕರಣ ಸಂಸ್ಕಾರ ಪಡೆಯುತ್ತಾರೆ. ಅಲ್ಲಿಗೆ ಹೆಚ್ಚಿನವರ ಧರ್ಮೋಪದೇಶದ ಪುಸ್ತಕ ಮುಚ್ಚುತ್ತದೆ. ಹದಿನೈದನೇ ವಯಸ್ಸಿನಲ್ಲಿ ಮುಚ್ಚಿದ ಆ ಪುಸ್ತಕದ ಬಲದ ಮೇಲೆಯೇ ಮುಂದಿನ ಐವತ್ತು ವರ್ಷ ಮದುವೆ, ಮಕ್ಕಳು, ಸಾಲ, ಕಾಯಿಲೆ, ಸಾವು ಎಲ್ಲವನ್ನೂ ಎದುರಿಸಬೇಕಾಗುತ್ತದೆ.

ಇದು ಮಲೆನಾಡಿಗೆ ಮಾತ್ರ ಸೀಮಿತವಾದ ಕೊರತೆಯಲ್ಲ. ಆದರೆ ಕಾಫಿ ಸೀಮೆಯಲ್ಲಿ ಇದಕ್ಕೆ ಅಲ್ಲಿಯದೇ ಆದ ಕಾರಣಗಳಿವೆ, ಅಲ್ಲಿಯದೇ ಆದ ದಾರಿಗಳೂ ಇವೆ. ಚಿಕ್ಕಮಗಳೂರು ಧರ್ಮಪ್ರಾಂತ್ಯದ ಮೂಡಿಗೆರೆ, ಕಳಸ ಮತ್ತು ಸುತ್ತಲಿನ ತೋಟದ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ಪರಿಚಯಿಸಲಾಗಿದೆ.

ಪದಗಳ ಅರ್ಥ

ವಯಸ್ಕರ ಧರ್ಮೋಪದೇಶ ಎಂದಕೂಡಲೇ ಹೊಸದಾಗಿ ಜ್ಞಾನಸ್ನಾನ ಪಡೆಯುವವರಿಗೆ ಕೊಡುವ ಸಿದ್ಧತೆ ಎಂದು ಹಲವರು ತಿಳಿಯುತ್ತಾರೆ. ಅದು ಅದರ ಒಂದು ಭಾಗ ಮಾತ್ರ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಅಪೇಕ್ಷೆಯಂತೆ ದೀಕ್ಷಾರ್ಥಿಗಳ ಹಂತ ಹಂತದ ಸಿದ್ಧತೆಯನ್ನು ಪುನಃ ಜಾರಿಗೆ ತರಲಾಯಿತು; ಅದರ ವಿಧಿಗ್ರಂಥ 1972ರ ಜನವರಿ 6ರಂದು ಪ್ರಕಟವಾಯಿತು. ಈಗಾಗಲೇ ಜ್ಞಾನಸ್ನಾನ ಪಡೆದು, ಭಾನುವಾರ ತಪ್ಪದೆ ಬಲಿಪೂಜೆಗೆ ಬರುವ ವಯಸ್ಕರಿಗೆ ನೀಡುವ ಶಿಕ್ಷಣ ಇದಕ್ಕಿಂತ ಬಹಳ ದೊಡ್ಡ ಕ್ಷೇತ್ರ. ನಮ್ಮಲ್ಲಿ ಹೆಚ್ಚು ಕಡೆಗಣನೆಗೆ ಒಳಗಾದದ್ದೂ ಅದೇ.

ಧರ್ಮೋಪದೇಶಕ್ಕೂ ದೈವಶಾಸ್ತ್ರಕ್ಕೂ ಇರುವ ವ್ಯತ್ಯಾಸವನ್ನೂ ತಿಳಿದಿರುವುದು ಒಳ್ಳೆಯದು. ಧರ್ಮಸಭೆ ನಂಬುವುದನ್ನು ಕೈಯಿಂದ ಕೈಗೆ ದಾಟಿಸುವುದು ಧರ್ಮೋಪದೇಶ. ನಂಬಿದ್ದನ್ನು ಬುದ್ಧಿಯಿಂದ ವಿಚಾರಿಸಿ ತಿಳಿಯಲು ಹೊರಡುವುದು ದೈವಶಾಸ್ತ್ರ. ವಿಶ್ವಾಸವೇ ಅರಿವನ್ನು ಹುಡುಕಿಕೊಂಡು ಹೋಗುತ್ತದೆ ಎಂಬ ಅರ್ಥದಲ್ಲಿ 11ನೇ ಶತಮಾನದ ಸಂತ ಆನ್ಸೆಲ್ಮ್ ಇದನ್ನು ವಿವರಿಸಿದ್ದರು. ಆದರೆ ತೋಟದ ಮನೆಯ ಜಗಲಿಯಲ್ಲಿ ಈ ಎರಡರ ನಡುವೆ ಗೋಡೆ ಇರುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿ 'ದೇವರು ಯಾಕೆ ಹೀಗೆ ಮಾಡಿದರು' ಎಂದು ಕೇಳಿದರೆ ಅದು ದೈವಶಾಸ್ತ್ರದ ಪ್ರಶ್ನೆಯೇ ಸರಿ.

ಧರ್ಮಸಭೆ ಏನು ಹೇಳುತ್ತದೆ?

ಮಕ್ಕಳ ತರಗತಿ ಮುಖ್ಯ, ದೊಡ್ಡವರದ್ದು ಸಮಯವಿದ್ದರೆ ನೋಡೋಣ ಎಂಬ ಭಾವನೆ ನಮ್ಮ ಎಷ್ಟೋ ಪಾಲನಾ ಸಮಿತಿಗಳಲ್ಲಿದೆ. ಧರ್ಮಸಭೆಯ ದಾಖಲೆಗಳು ಇದಕ್ಕೆ ವಿರುದ್ಧವಾಗಿಯೇ ಮಾತನಾಡುತ್ತವೆ. 1971ರ ಸಾಮಾನ್ಯ ಧರ್ಮೋಪದೇಶ ಮಾರ್ಗಸೂಚಿಯು ವಯಸ್ಕರಿಗೆ ನೀಡುವ ಉಪದೇಶವನ್ನೇ ಧರ್ಮೋಪದೇಶದ ಪ್ರಧಾನ ರೂಪವೆಂದು ಪರಿಗಣಿಸಬೇಕು ಎಂದಿತು. 1979ರ ಅಕ್ಟೋಬರ್ 16ರಂದು ಪೋಪ್ ದ್ವಿತೀಯ ಜಾನ್ ಪಾಲ್ ಹೊರಡಿಸಿದ 'ಕಾತೆಕೇಸಿ ತ್ರಾದೆಂದೆ' ಪತ್ರವೂ ಅದನ್ನೇ ಪುನರುಚ್ಚರಿಸಿತು. ಕಾರಣ ಸರಳ. ಸುವಾರ್ತೆಯನ್ನು ಪೂರ್ಣವಾಗಿ ಬಾಳಲು ಜವಾಬ್ದಾರಿಯೂ ಸಾಮರ್ಥ್ಯವೂ ಇರುವವರು ವಯಸ್ಕರೇ. 1997 ಮತ್ತು 2020ರ ಮಾರ್ಗಸೂಚಿಗಳೂ ಇದೇ ಜಾಡಿನಲ್ಲಿ ಮುಂದುವರಿದಿವೆ.

1983ರ ಕಾನೂನು ಸಂಹಿತೆ ಇದನ್ನು ಸಲಹೆಯ ಮಟ್ಟದಲ್ಲಿ ಬಿಟ್ಟಿಲ್ಲ. ಅದರ 776ನೇ ನಿಯಮದಂತೆ ವಯಸ್ಕರು, ಯುವಜನರು ಮತ್ತು ಮಕ್ಕಳಿಗೆ ಧರ್ಮೋಪದೇಶ ದೊರಕುವಂತೆ ನೋಡಿಕೊಳ್ಳುವುದು ಧರ್ಮಕೇಂದ್ರದ ಗುರುಗಳ ಹುದ್ದೆಗೆ ಸೇರಿದ ಕರ್ತವ್ಯ. ಅಲ್ಲಿ ವಯಸ್ಕರ ಹೆಸರೇ ಮೊದಲು ಬರುವುದನ್ನು ಗಮನಿಸಬೇಕು. 229ನೇ ನಿಯಮವು ಇನ್ನೂ ಮುಂದೆ ಹೋಗಿ, ಕ್ರೈಸ್ತ ಬೋಧನೆಯನ್ನು ಅರಿಯುವುದು ಶ್ರೀಸಾಮಾನ್ಯರ ಕರ್ತವ್ಯವೂ ಹೌದು, ಹಕ್ಕೂ ಹೌದು ಎನ್ನುತ್ತದೆ. ಧರ್ಮಸಭೆಯ ವಿಶ್ವವಿದ್ಯಾಲಯಗಳಲ್ಲಿ ದೈವಶಾಸ್ತ್ರ ಕಲಿತು ಪದವಿ ಪಡೆಯುವ ಹಕ್ಕೂ ಅವರಿಗಿದೆ. ಹಕ್ಕು ಎಂಬ ಮಾತನ್ನು ನಮ್ಮ ಜನ ಚರ್ಚಿನ ವಿಷಯದಲ್ಲಿ ಬಳಸಲು ಹಿಂಜರಿಯುತ್ತಾರೆ. ಕಾನೂನು ಸಂಹಿತೆ ಹಿಂಜರಿದಿಲ್ಲ.

ಪಠ್ಯದ ವಿಷಯಕ್ಕೆ ಬಂದರೆ, 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ 2865 ಪರಿಚ್ಛೇದಗಳಿವೆ. ವಿಶ್ವಾಸ ಪ್ರಮಾಣ, ಸಂಸ್ಕಾರಗಳು, ಆಜ್ಞೆಗಳು, ಪ್ರಾರ್ಥನೆ ಎಂಬ ನಾಲ್ಕು ಭಾಗಗಳು. 2005ರಲ್ಲಿ ಬಂದ ಅದರ ಸಂಗ್ರಹವು 598 ಪ್ರಶ್ನೋತ್ತರಗಳಲ್ಲಿದೆ. ಮನೆಯಲ್ಲಿ ಕೂಡಿ ಓದಲು ಎರಡನೆಯದೇ ಹೆಚ್ಚು ಅನುಕೂಲ.

ಹಿನ್ನೆಲೆ

ದೊಡ್ಡವರಿಗೆ ಕಲಿಸುವುದು ನಮ್ಮ ಕಡೆಗೆ ಹೊಸದಲ್ಲ. ಇಂಗ್ಲೆಂಡಿನಿಂದ ಗೋವಾಕ್ಕೆ ಬಂದ ಯೇಸುಸಭೆಯ ಫಾದರ್ ಥಾಮಸ್ ಸ್ಟೀಫನ್ಸ್ ಅವರ 'ಕ್ರಿಸ್ತಪುರಾಣ' 1616ರಲ್ಲಿ ಅಚ್ಚಾಯಿತು. ಹೊಸದಾಗಿ ಕ್ರೈಸ್ತರಾದವರು ತಮಗೆ ಪರಿಚಿತವಾದ ಪುರಾಣದ ಧಾಟಿಯಲ್ಲೇ ರಕ್ಷಣೆಯ ಕಥೆಯನ್ನು ಕೇಳಲಿ ಎಂದು ಮರಾಠಿಯಲ್ಲಿ ಬರೆದ 10,000ಕ್ಕೂ ಹೆಚ್ಚು ಪದ್ಯಗಳ ಕೃತಿ ಇದು. ಅವರೇ ಕೊಂಕಣಿಯಲ್ಲಿ ಸಿದ್ಧಪಡಿಸಿದ ಪ್ರಶ್ನೋತ್ತರ ರೂಪದ 'ದೊತ್ರೀನಾ' ಅವರ ಮರಣಾನಂತರ 1622ರಲ್ಲಿ ರಾಚೋಲದಲ್ಲಿ ಮುದ್ರಣಗೊಂಡಿತು. ನಮ್ಮ ಹಿರಿಯರು ಇಂದಿಗೂ ಧರ್ಮೋಪದೇಶಕ್ಕೆ ಬಳಸುವ 'ದೊತೊರ್ನ್' ಎಂಬ ಪದ ಇದೇ ಮೂಲದ್ದು. ಕ್ರಿಸ್ತಪುರಾಣವು 1907ರಲ್ಲಿ ಮಂಗಳೂರಿನಲ್ಲಿ ಮರುಮುದ್ರಣ ಕಂಡಿತು. ಗಟ್ಟದ ಮೇಲಿನ ಮೈಸೂರು ಸೀಮೆಯಲ್ಲಿ 17ನೇ ಶತಮಾನದ ಮಧ್ಯಭಾಗದಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಅವರು ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶದ ಪುಸ್ತಕ ಬರೆದರು.

ಕಾಫಿ ಸೀಮೆಗೆ ಕಥೋಲಿಕರು ಹೆಚ್ಚಾಗಿ ಬಂದದ್ದು 19ನೇ ಶತಮಾನದಲ್ಲಿ ತೋಟಗಳು ಹಬ್ಬಿದ ನಂತರ. ಚಾರ್ಮಾಡಿಯಂಥ ಗಟ್ಟದ ದಾರಿಗಳಲ್ಲಿ ಹತ್ತಿ ಬಂದ ಕೊಂಕಣಿ ಕುಟುಂಬಗಳು ರೈಟರು, ಮೇಸ್ತ್ರಿ, ಬಡಗಿ, ಆಳುಗಳಾಗಿ ನೆಲೆನಿಂತವು. ಕೆಲವರು ಮುಂದೆ ತೋಟದ ಮಾಲೀಕರಾದರು. ಆಗ ಈ ಪ್ರದೇಶ ಫ್ರೆಂಚ್ ಮಿಷನರಿಗಳ ಮೈಸೂರು ಮಿಷನ್‌ಗೆ ಸೇರಿತ್ತು. ಮನೆಗಳು ದೂರ ದೂರ, ಗುರುಗಳು ಕಡಿಮೆ. ಹಾಗಾಗಿ ವಿಶ್ವಾಸ ಉಳಿದದ್ದು ಬಹುಪಾಲು ಸಂಜೆಯ ತೇರ್ಸಿನಲ್ಲಿ, ಅಜ್ಜಿಯರ ಬಾಯಿಪಾಠದಲ್ಲಿ.

ಮೈಸೂರು ಧರ್ಮಪ್ರಾಂತ್ಯದಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1963ರ ನವೆಂಬರ್ 16ರಂದು. ಆ ದಿನ ರೋಮಿನಲ್ಲಿ ಮಹಾಸಭೆಯ ಎರಡನೇ ಅಧಿವೇಶನ ನಡೆಯುತ್ತಿತ್ತು. ಮೂರು ವಾರ ತುಂಬುವ ಮೊದಲೇ, ಡಿಸೆಂಬರ್ 4ರಂದು, ದೈವಾರಾಧನೆಯ ಸಂವಿಧಾನ ಹೊರಬಂದು ಜನರ ಭಾಷೆಯಲ್ಲಿ ಪೂಜೆಗೆ ಬಾಗಿಲು ತೆರೆಯಿತು. ಪ್ರಥಮ ಧರ್ಮಾಧ್ಯಕ್ಷರಾದ ಪಾಂಗಾಳ ಮೂಲದ ಪರಮಪೂಜ್ಯ ಅಲ್ಫೋನ್ಸಸ್ ಮಥಾಯಸ್ ಅವರು ಆಗ 35ರ ಹರೆಯದವರು. ಮಹಾಸಭೆಯಲ್ಲಿ ಸ್ವತಃ ಭಾಗವಹಿಸಿದವರು. 1986ರಲ್ಲಿ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದ ಅವರು 2024ರ ಜುಲೈ 10ರಂದು ದೈವಾಧೀನರಾದಾಗ ಮಹಾಸಭೆಯ ಪಿತೃಗಳಲ್ಲಿ ಬದುಕಿದ್ದವರು ಬೆರಳೆಣಿಕೆಯಷ್ಟೇ. ಅಂದರೆ ಚಿಕ್ಕಮಗಳೂರು ಧರ್ಮಪ್ರಾಂತ್ಯ ಮಹಾಸಭೆಯ ಓರಗೆಯದು. ಬೇರೆ ಕಡೆ ಹಳೆಯ ಕ್ರಮವನ್ನು ಬಿಟ್ಟು ಹೊಸದನ್ನು ಕಲಿಯಬೇಕಾಯಿತು ಎಂದರೆ, ಇಲ್ಲಿ ಧರ್ಮಪ್ರಾಂತ್ಯವಾಗಿ ಬೆಳೆದದ್ದೇ ಹೊಸ ಕ್ರಮದಲ್ಲಿ. ಶಿವಮೊಗ್ಗ ಧರ್ಮಪ್ರಾಂತ್ಯ 1988ರಲ್ಲಿ ಪ್ರತ್ಯೇಕವಾಯಿತು. ಈ ಭಾಗದಲ್ಲಿ ನೆಲೆಸಿದ ಸಿರೊ-ಮಲಬಾರ್ ವಿಶ್ವಾಸಿಗಳಿಗಾಗಿ 2007ರಲ್ಲಿ ಭದ್ರಾವತಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು.

ಎರಡು ಪಂಚಾಂಗಗಳು

ಕಾಫಿ ಸೀಮೆಯಲ್ಲಿ ವಯಸ್ಕರ ತರಗತಿ ಏಕೆ ನಿಲ್ಲುವುದಿಲ್ಲ ಎಂಬುದನ್ನು ತಿಳಿಯಬೇಕಾದರೆ ಧರ್ಮಸಭೆಯ ಪಂಚಾಂಗವನ್ನೂ ತೋಟದ ಪಂಚಾಂಗವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು.

ಧರ್ಮಸಭೆ ಕಲಿಕೆಗೆ ಮೀಸಲಿಟ್ಟ ಕಾಲಗಳು ಎರಡು: ಆಗಮನ ಕಾಲ ಮತ್ತು ತಪಸ್ಸುಕಾಲ. ಆಗಮನ ಕಾಲ ನವೆಂಬರ್ ಕೊನೆಯಲ್ಲೋ ಡಿಸೆಂಬರ್ ಮೊದಲಲ್ಲೋ ಆರಂಭ. ಅದೇ ಹೊತ್ತಿಗೆ ಅರೇಬಿಕಾ ಹಣ್ಣು ಕೆಂಪಾಗಿ ಕೊಯ್ಲು ಬಿರುಸಾಗಿರುತ್ತದೆ. ಬೆಳಗ್ಗೆ ಮಂಜಿನಲ್ಲಿ ತೋಟಕ್ಕಿಳಿದವರು ಸಂಜೆ ಹಣ್ಣು ತೂಗಿಸಿ ಮನೆ ಸೇರುವಾಗ ಕತ್ತಲು. ಮಾಲೀಕರ ಮನೆಯಲ್ಲೂ ಪಲ್ಪರ್, ಕಣ, ಒಣಗುತ್ತಿರುವ ಕಾಫಿಗೆ ಅಕಾಲದ ಮಳೆಯ ಭಯ. ತೂಕದ ಲೆಕ್ಕದಲ್ಲಿ ಹೆಚ್ಚಿನ ಕೂಲಿ ಸಿಗುವ ಈ ನಾಲ್ಕು ಕಾಸಿನ ಕಾಲದಲ್ಲಿ 'ಸಂಜೆ ಆರಕ್ಕೆ ಸಭಾಭವನದಲ್ಲಿ ತರಗತಿ' ಎಂದು ಪ್ರಕಟಣೆ ಓದಿದರೆ ಯಾರು ಬರುತ್ತಾರೆ? ಪೋಪ್ ಫ್ರಾನ್ಸಿಸ್ 2019ರಲ್ಲಿ ಘೋಷಿಸಿದ ದೇವರ ವಾಕ್ಯದ ಭಾನುವಾರ ಜನವರಿ ಕೊನೆಯ ಭಾಗದಲ್ಲಿ ಬರುತ್ತದೆ. ಆಗ ಅರೇಬಿಕಾ ಮುಗಿಯುತ್ತ ರೊಬಸ್ಟಾ ಹಿಡಿದಿರುತ್ತದೆ.

ತಪಸ್ಸುಕಾಲದ್ದು ಇನ್ನೊಂದು ಕಥೆ. ವಿಭೂತಿ ಬುಧವಾರ ಫೆಬ್ರವರಿಯಲ್ಲೋ ಮಾರ್ಚ್ ಮೊದಲ ದಿನಗಳಲ್ಲೋ ಬೀಳುತ್ತದೆ. ರೊಬಸ್ಟಾ ಕೊಯ್ಲಿನ ಕೊನೆ, ಸ್ಪ್ರಿಂಕ್ಲರ್ ನೀರು, ಆಮೇಲೆ ಹೂಮಳೆಯ ಕಾಯುವಿಕೆ. ಹೂಮಳೆ ಸರಿಯಾಗಿ ಬಿದ್ದರೆ ಮುಂದಿನ ವರ್ಷದ ಬದುಕು, ತಪ್ಪಿದರೆ ಸಾಲ. ಮತ್ತಾಯನ ವರ್ಷದ ತಪಸ್ಸುಕಾಲದಲ್ಲಿ ಬಾವಿಯ ಬಳಿಯ ಸಮಾರಿಯದ ಸ್ತ್ರೀ, ಹುಟ್ಟುಕುರುಡ, ಲಾಜರ ಈ ಮೂರು ವಾಚನಗಳು ಮೂರು ಭಾನುವಾರ ಬರುತ್ತವೆ. ದೀಕ್ಷಾರ್ಥಿಗಳಿಗಾಗಿಯೇ ಪ್ರಾಚೀನ ಧರ್ಮಸಭೆ ಆರಿಸಿಕೊಂಡ ಭಾಗಗಳಿವು. ಆಕಾಶ ನೋಡುತ್ತ ಕುಳಿತ ಜನರಿಗೆ ಆ ಬಾವಿಯ ಮಾತು ಬೇಗ ಅರ್ಥವಾಗುತ್ತದೆ ಎಂಬುದು ಬೇರೆ ಮಾತು.

ಉಳಿದದ್ದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಕು ಬೇಗ ಇಳಿಯುತ್ತದೆ, ಜನ ಮನೆಯಲ್ಲಿ ಸಿಗುತ್ತಾರೆ. ಕಲಿಯಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ, ಆದರೆ ಚರ್ಚಿಗೆ ಬರಲು ಇದಕ್ಕಿಂತ ಕೆಟ್ಟ ಕಾಲವೂ ಇಲ್ಲ. ಮರ ಬಿದ್ದು ದಾರಿ ಮುಚ್ಚುತ್ತದೆ, ವಿದ್ಯುತ್ ದಿನಗಟ್ಟಲೆ ಇರುವುದಿಲ್ಲ. ಭದ್ರೆ ಉಕ್ಕಿದ ವರ್ಷಗಳಲ್ಲಿ ಕಳಸ-ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಮುಳುಗಿದೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯಲ್ಲೂ ಮೂಡಿಗೆರೆ ತಾಲೂಕಿನ ಹಳ್ಳಿಗಳಲ್ಲೂ ಗುಡ್ಡ ಕುಸಿದದ್ದನ್ನು ಯಾರೂ ಮರೆತಿಲ್ಲ.

1969ರ ವಾಚನ ಕ್ರಮದಂತೆ ಭಾನುವಾರದ ಶುಭಸಂದೇಶಗಳು ಮೂರು ವರ್ಷಗಳ ಸುತ್ತಿನಲ್ಲಿ ಬರುತ್ತವೆ. ತಪ್ಪದೆ ಮೂರು ವರ್ಷ ಪೂಜೆಗೆ ಬಂದವನು ಶುಭಸಂದೇಶಗಳ ಬಹುಭಾಗವನ್ನು ಕೇಳಿರುತ್ತಾನೆ. ನಮ್ಮ ಜನರಿಗೆ ಇರುವ ದೊಡ್ಡ ಪಠ್ಯಕ್ರಮ ಇದೇ. ಆದರೆ ಮಾರ್ಕನ ವರ್ಷದಲ್ಲಿ ಜೀವದ ರೊಟ್ಟಿಯ ಬೋಧನೆ, ಅಂದರೆ ಯೊವಾನ್ನನ ಆರನೇ ಅಧ್ಯಾಯ, ಸಾಧಾರಣ ಕಾಲದ 17ರಿಂದ 21ನೇ ಭಾನುವಾರದವರೆಗೆ ಐದು ವಾರ ಬರುತ್ತದೆ. 2024ರಲ್ಲಿ ಅದು ಜುಲೈ 28ರಿಂದ ಆಗಸ್ಟ್ 25ರವರೆಗೆ ಬಂತು. ಮಲೆನಾಡಿನಲ್ಲಿ ಬೆಂಚುಗಳು ಅತಿ ಖಾಲಿಯಾಗಿರುವ ವಾರಗಳು ಅವೇ! ಪರಮಪ್ರಸಾದದ ಬಗೆಗಿನ ಅತಿ ಮುಖ್ಯ ಬೋಧನೆಯನ್ನು ಕಳಸದ ಒಳಹಳ್ಳಿಯ ಒಬ್ಬ ವಯಸ್ಕ ಜೀವಮಾನವಿಡೀ ಪೂರ್ತಿಯಾಗಿ ಕೇಳದೇ ಇರಬಹುದು, ಅದೂ ತನ್ನ ತಪ್ಪಿಲ್ಲದೆ.

ಜನ ಚರ್ಚಿಗೆ ಬರಲಾಗದ ಕಾಲದಲ್ಲಿ ಉಪದೇಶ ಮನೆಗಳ ಕಡೆಗೆ ಹೋಗಬೇಕು. ಮಳೆಗಾಲದ ಕಲಿಕೆಯನ್ನು ವಾರ್ಡಿನ ಮನೆಗಳಿಗೆ ಬಿಟ್ಟುಕೊಟ್ಟು, ಕೊಯ್ಲಿನ ಕಾಲದಲ್ಲಿ ಹತ್ತು ನಿಮಿಷದ ಒಳ್ಳೆಯ ಪ್ರಬೋಧನೆಗಷ್ಟೇ ತೃಪ್ತಿಪಡುವುದು ನಮ್ಮ ದೃಷ್ಟಿಯಲ್ಲಿ ಜಾಣತನ. ಪಟ್ಟಣದ ಧರ್ಮಕೇಂದ್ರದ ವೇಳಾಪಟ್ಟಿಯನ್ನು ಹಾಗೆಯೇ ತಂದು ಕೊಟ್ಟಿಗೆಹಾರದಾಚೆ ಅಂಟಿಸಿದರೆ ಫಲವಿಲ್ಲ.

ಮನೆಯ ಕೂಟ

ಕಿರು ಕ್ರೈಸ್ತ ಸಮುದಾಯ, ವಾರ್ಡ್ ಕೂಟ, ವಾಳೆ ಹೀಗೆ ಊರಿಗೊಂದು ಹೆಸರಿದ್ದರೂ ರೂಪ ಒಂದೇ. ಹತ್ತಿಪ್ಪತ್ತು ಕುಟುಂಬಗಳು ತಿಂಗಳಿಗೊಮ್ಮೆ ಒಂದು ಮನೆಯಲ್ಲಿ ಸೇರುತ್ತವೆ. ತೇರ್ಸು, ಒಂದು ವಾಚನ, ಪ್ರಕಟಣೆಗಳು, ಚಹಾ. ಹಲವು ಕಡೆ ಪ್ರಕಟಣೆ ಮತ್ತು ವಂತಿಗೆಯ ಲೆಕ್ಕಕ್ಕೆ ಅರ್ಧ ಗಂಟೆ ಹೋಗಿ ವಾಚನಕ್ಕೆ ಐದು ನಿಮಿಷ ಉಳಿಯುತ್ತದೆ. ಇದನ್ನು ತಿರುವುಮುರುವು ಮಾಡಿದರೆ ಬೇರೆ ಯೋಜನೆಯೇ ಬೇಕಿಲ್ಲ.

ಕ್ರಮ ಹೀಗಿರಬಹುದು. ಮುಂದಿನ ಭಾನುವಾರದ ಶುಭಸಂದೇಶವನ್ನು ಇಬ್ಬರು ಬೇರೆ ಬೇರೆಯಾಗಿ, ನಿಧಾನವಾಗಿ ಓದುವುದು. ಸ್ವಲ್ಪ ಮೌನ. ಕೇಳಿಸಿದ ಒಂದು ಪದವನ್ನೋ ವಾಕ್ಯವನ್ನೋ ಪ್ರತಿಯೊಬ್ಬರೂ ಹೇಳುವುದು; ವಿವರಣೆ ಬೇಡ. ಆಮೇಲೆ ಪ್ರಶ್ನೆ. ಉತ್ತರ ಗೊತ್ತಿಲ್ಲದಿದ್ದರೆ ಗುರ್ಕಾರರು ಅದನ್ನು ಬರೆದುಕೊಂಡು ಫಾದರ್ ಬಳಿಗೆ ಒಯ್ದು, ಮುಂದಿನ ಕೂಟಕ್ಕೆ ಉತ್ತರ ತರುವುದು. ಇದರಲ್ಲಿ ಕೊನೆಯದ್ದೇ ಮುಖ್ಯ. ಪ್ರಶ್ನೆ ಕೇಳಿದರೆ ವಿಶ್ವಾಸ ಕಡಿಮೆ ಎಂದು ಅಂದುಕೊಂಡಾರು ಎಂಬ ಅಂಜಿಕೆ ನಮ್ಮವರಲ್ಲಿ ಬಹಳ. ಒಮ್ಮೆ ಉತ್ತರ ಬಂದರೆ ಎರಡನೇ ಪ್ರಶ್ನೆ ತಾನಾಗಿ ಬರುತ್ತದೆ.

ಬೈಬಲ್ಲಿನಲ್ಲೇ ಇದಕ್ಕೆ ಮಾದರಿ ಇದೆ. ಪ್ರೇಷಿತರ ಕಾರ್ಯಕಲಾಪಗಳ 18ನೇ ಅಧ್ಯಾಯದಲ್ಲಿ ಅಪೊಲ್ಲೋಸ್ ಎಂಬ ವಿದ್ವಾಂಸ ಬರುತ್ತಾನೆ. ಚೆನ್ನಾಗಿ ಮಾತನಾಡುತ್ತಾನೆ, ಆದರೆ ಅವನ ತಿಳಿವು ಅರ್ಧ. ಅವನನ್ನು ಕರೆದೊಯ್ದು ಪೂರ್ತಿ ವಿವರಿಸಿದವರು ಗುಡಾರ ಹೊಲಿದು ಬದುಕುತ್ತಿದ್ದ ದಂಪತಿ, ಪ್ರಿಸ್ಕಿಲ್ಲ ಮತ್ತು ಅಕ್ವಿಲ. ಕೈಕೆಲಸದ ಗಂಡಹೆಂಡಿರು ವಿದ್ವಾಂಸನಿಗೆ ಧರ್ಮೋಪದೇಶಿಗಳಾದರು. ಅದೂ ಸಭೆಯ ಎದುರು ತಿದ್ದಿ ಅವಮಾನಿಸದೆ.

ಕೂಟಗಳಲ್ಲಿ ನಿಜವಾಗಿ ಏಳುವ ಪ್ರಶ್ನೆಗಳು ಪುಸ್ತಕದ ಅನುಕ್ರಮದಲ್ಲಿ ಬರುವುದಿಲ್ಲ. ನೆರೆಮನೆಯವರು ಹಬ್ಬದ ದಿನ ಪ್ರೀತಿಯಿಂದ ತಂದುಕೊಟ್ಟದ್ದನ್ನು ತಿನ್ನಬಹುದೇ? ಹೊರನಾಡು, ಕಳಸದ ದೇವಸ್ಥಾನಗಳ ನೆರಳಿನಲ್ಲೇ ಬಾಳುವ ಕುಟುಂಬಗಳಿಗೆ ಇದು ಪ್ರತಿ ವರ್ಷದ ಮಾತು. ವಿಗ್ರಹಗಳಿಗೆ ಅರ್ಪಿಸಿದ ಆಹಾರದ ಬಗ್ಗೆ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ 8ರಿಂದ 10ನೇ ಅಧ್ಯಾಯದವರೆಗೆ ಚರ್ಚಿಸಿದ್ದಾರೆ. ಸ್ವಾತಂತ್ರ್ಯ, ಆರಾಧನೆಯಲ್ಲಿ ಪಾಲ್ಗೊಳ್ಳುವಿಕೆ, ದುರ್ಬಲ ಮನಸ್ಸಾಕ್ಷಿಯ ಸಹೋದರ ಎಂಬ ಮೂರು ಎಳೆಗಳನ್ನು ಬಿಡಿಸಿ ಹೇಳಿದ್ದಾರೆ. ಮೂರು ಅಧ್ಯಾಯ ಬೇಕಾದ ವಿಷಯಕ್ಕೆ ನಾವು ಹೌದು-ಅಲ್ಲ ಎಂದು ಒಂದೇ ಪದದ ಉತ್ತರ ಕೊಟ್ಟು ಮುಗಿಸಬಾರದು. ಅದರ ಜೊತೆಗೆ ಇತರ ಧರ್ಮಗಳ ಬಗ್ಗೆ 1965ರ ಅಕ್ಟೋಬರ್ 28ರಂದು ಬಂದ 'ನೊಸ್ತ್ರಾ ಎತಾತೆ' ಘೋಷಣೆಯನ್ನೂ ಓದಿದರೆ ನೆರೆಯವರ ಬಗೆಗಿನ ಗೌರವಕ್ಕೆ ಧರ್ಮಸಭೆಯದೇ ಆಧಾರ ಸಿಗುತ್ತದೆ.

ಶವ ದಹನ ಮಾಡಬಹುದೇ ಎಂಬುದು ಇನ್ನೊಂದು. 1963ರಿಂದ ಧರ್ಮಸಭೆ ಅದನ್ನು ಅನುಮತಿಸಿದೆ, ಹೂಳುವುದಕ್ಕೇ ಆದ್ಯತೆ. ಅಸ್ಥಿಯನ್ನು ಚದುರಿಸದೆ ಪವಿತ್ರ ಸ್ಥಳದಲ್ಲಿ ಇಡಬೇಕೆಂದು 2016ರ ಸೂಚನೆ ಹೇಳುತ್ತದೆ. ಸತ್ತವರಿಗಾಗಿ ಏಕೆ ಪೂಜೆ, ಮಾತೆ ಮರಿಯಮ್ಮನವರಿಗೆ ಸಲ್ಲಿಸುವುದು ಆರಾಧನೆಯೇ ಗೌರವವೇ, ಬೇರೆ ಪಂಗಡದವರು ಮನೆಗೆ ಬಂದು ವಾದಿಸಿದರೆ ಏನು ಹೇಳಬೇಕು... ಪಟ್ಟಿ ಉದ್ದವಿದೆ.

ಒಂದೇ ಬೆಂಚಿನ ಮೇಲೆ

ವಯಸ್ಕರ ಧರ್ಮೋಪದೇಶದಲ್ಲಿ ಎಲ್ಲರೂ ಮೆಲ್ಲಗೆ ದಾಟಿಬಿಡುವ ಒಂದು ಪಾಠ ಇದೆ. ಕಾಫಿ ಸೀಮೆಯ ಚರ್ಚಿನಲ್ಲಿ ತೋಟದ ಮಾಲೀಕರೂ ಅದೇ ತೋಟದ ಆಳೂ ಒಂದೇ ಬಲಿಪೂಜೆಗೆ ಬರುತ್ತಾರೆ, ಒಂದೇ ಪರಮಪ್ರಸಾದ ಸ್ವೀಕರಿಸುತ್ತಾರೆ. ಕೂಲಿ, ಲೈನ್ ಮನೆಯ ಸೋರುವ ಮಾಡು, ಮುಂಗಡ ಸಾಲ ಇವುಗಳ ಬಗ್ಗೆ ಧರ್ಮಸಭೆಗೆ ಬೋಧನೆ ಇದೆ ಎಂಬುದು ಇಬ್ಬರಿಗೂ ಸರಿಯಾಗಿ ತಿಳಿದಿರುವುದಿಲ್ಲ. 1891ರ ಮೇ 15ರಂದು ಪೋಪ್ 13ನೇ ಲಿಯೋ ಹೊರಡಿಸಿದ 'ರೇರುಂ ನೊವಾರುಂ' ವಿಶ್ವಪತ್ರದಿಂದ ಹಿಡಿದು, ದುಡಿಮೆಯ ಬಗೆಗಿನ 1981ರ 'ಲಾಬೊರೆಂ ಎಕ್ಸೆರ್ಚೆನ್ಸ್', ಪ್ರಕೃತಿಯ ಬಗೆಗಿನ 2015ರ 'ಲೌದಾತೋ ಸಿ' ವರೆಗೆ ಈ ಬೋಧನೆ ಬೆಳೆದಿದೆ. ಕುಟುಂಬ ಬದುಕುವಷ್ಟು ಕೂಲಿ ನ್ಯಾಯದ ವಿಷಯ, ದಾನದ ವಿಷಯವಲ್ಲ ಎಂಬುದು ಅದರ ತಿರುಳು.

ಇದನ್ನು ಕಲಿಸುವಾಗ ಮಾಲೀಕರನ್ನು ಕಟಕಟೆಯಲ್ಲಿ ನಿಲ್ಲಿಸುವ ಅಗತ್ಯವಿಲ್ಲ. ಕಾಫಿ ದರ ಕುಸಿದ ವರ್ಷಗಳಲ್ಲಿ ಸಣ್ಣ ಬೆಳೆಗಾರ ಆಳಿಗಿಂತ ಹೆಚ್ಚು ಸಾಲದಲ್ಲಿ ಮುಳುಗಿದ್ದೂ ಉಂಟು. ಆದರೆ ದರ ಏರಿದ ವರ್ಷದಲ್ಲಿ ಏನಾಯಿತು ಎಂಬ ಪ್ರಶ್ನೆಯನ್ನೂ ಕೂಟದಲ್ಲಿ ಕೇಳಲು ಅವಕಾಶವಿರಬೇಕು. ಪಲ್ಪರ್ ನೀರು ಹಳ್ಳಕ್ಕೆ ಸೇರುವುದು, ಇಳಿಜಾರಿನ ಮರ ಕಡಿಯುವುದು, ಕೆಳಗಿನ ಮನೆಯವರ ಕುಡಿಯುವ ನೀರು ಇವೆಲ್ಲ 'ಲೌದಾತೋ ಸಿ' ಓದುವಾಗ ದೂರದ ಅಮೆಜಾನಿಗಿಂತ ಹತ್ತಿರದ ಉದಾಹರಣೆಗಳು.

ಯಾವ ಭಾಷೆಯಲ್ಲಿ?

ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್, ಲೈನಿನಲ್ಲಿ ತುಳು, ತಮಿಳು, ಮಲಯಾಳ. ಬಾಲ್ಯದಲ್ಲಿ ಕೊಂಕಣಿಯಲ್ಲಿ ಬಾಯಿಪಾಠ ಮಾಡಿದ ಪ್ರಾರ್ಥನೆಯನ್ನು ಕನ್ನಡದಲ್ಲಿ ವಿವರಿಸಲು ಹೋದರೆ ಅಜ್ಜಿಗೆ ತೊಡಕು. ಅಜ್ಜಿಯ ಕೊಂಕಣಿ ಮೊಮ್ಮಗನಿಗೆ ತೊಡಕು. ಹೀಗಾಗಿ ಎಷ್ಟೋ ವಯಸ್ಕರಿಗೆ ಪ್ರಾರ್ಥನೆಯ ಭಾಷೆ ಒಂದು, ತಿಳಿವಳಿಕೆಯ ಭಾಷೆ ಇನ್ನೊಂದು ಆಗಿಬಿಟ್ಟಿದೆ. ಕೂಟದಲ್ಲಿ ವಾಚನ ಕನ್ನಡದಲ್ಲಿದ್ದು ಮಾತುಕತೆ ಯಾರಿಗೆ ಯಾವುದು ಸಲೀಸೋ ಅದರಲ್ಲಿ ನಡೆಯಲಿ. ಭಾಷೆಯ ಜಗಳವನ್ನು ಗಟ್ಟದ ಕೆಳಗಿನಿಂದಲೋ ರಾಜಧಾನಿಯಿಂದಲೋ ಹೊತ್ತು ತರುವುದು ಬೇಡ.

ದೈವಶಾಸ್ತ್ರವನ್ನು ಶಾಸ್ತ್ರೀಯವಾಗಿ ಕಲಿಯಬಯಸುವವರಿಗೆ ಭಾಷೆಯ ತೊಡಕು ಇನ್ನೂ ದೊಡ್ಡದು. ಬೆಂಗಳೂರಿನ ಸಂತ ಪೇತ್ರರ ಪೊಂಟಿಫಿಕಲ್ ಸಂಸ್ಥೆ, ಧರ್ಮಾರಾಮ್ ವಿದ್ಯಾಕ್ಷೇತ್ರ, ಮಂಗಳೂರು ಜೆಪ್ಪುವಿನಲ್ಲಿ 1879ರಲ್ಲಿ ಆರಂಭವಾದ ಸಂತ ಜೋಸೆಫರ ಗುರುಮಠ ಇವೆಲ್ಲ ಹೆಸರಾಂತ ಕೇಂದ್ರಗಳು. ಅಲ್ಲಿನ ಬೋಧನೆ ಮುಖ್ಯವಾಗಿ ಇಂಗ್ಲಿಷಿನಲ್ಲಿ. ಭಾರತದ ಧರ್ಮಾಧ್ಯಕ್ಷರು 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಬೈಬಲ್, ಧರ್ಮೋಪದೇಶ ಹಾಗೂ ದೈವಾರಾಧನೆಯ ರಾಷ್ಟ್ರೀಯ ಕೇಂದ್ರವು ಧರ್ಮೋಪದೇಶಿಗಳ ತರಬೇತಿಗೆ ಹೆಸರಾಗಿದೆ. ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಸುಮಾರು 245 ಕಿಲೋಮೀಟರ್. ಕಳಸದಿಂದ ಚಿಕ್ಕಮಗಳೂರಿಗೇ 90 ಕಿಲೋಮೀಟರ್ ಆಸುಪಾಸು. ತೋಟದ ಕೆಲಸ ಬಿಟ್ಟು ಅಲ್ಲಿಗೆ ಹೋಗಿ ಕಲಿಯುವವರು ಕೆಲವರೇ. ಅಂಥವರನ್ನು ಆರಿಸಿ ಕಳುಹಿಸುವುದು ಮತ್ತು ಅವರು ಬಂದು ಇತರರಿಗೆ ಕನ್ನಡದಲ್ಲಿ ಕಲಿಸುವುದು ಸಾಧ್ಯವಾದ ದಾರಿ.

ಕಲಿಸುವವರು

2021ರ ಮೇ 10ರಂದು ಪೋಪ್ ಫ್ರಾನ್ಸಿಸ್ ಧರ್ಮೋಪದೇಶಿಯ ಸೇವೆಯನ್ನು ವಿಧಿವತ್ತಾದ ಸೇವಾಪದವಿಯಾಗಿ ಸ್ಥಾಪಿಸಿದರು. ಸ್ತ್ರೀಪುರುಷರಿಬ್ಬರೂ ಇದಕ್ಕೆ ಅರ್ಹರು. ನಮ್ಮಲ್ಲಿ ಭಾನುವಾರದ ತರಗತಿಗಳನ್ನು ನಡೆಸುವವರಲ್ಲಿ ಬಹುಪಾಲು ಶಿಕ್ಷಕಿಯರು, ಧರ್ಮಭಗಿನಿಯರು ಮತ್ತು ಕಾಲೇಜು ಯುವತಿಯರು. ಗಂಡಸರು ಚರ್ಚಿನ ಹೊರಗೆ ಬೈಕಿಗೆ ಒರಗಿ ನಿಂತಿರುತ್ತಾರೆ. ಇದು ತಮಾಷೆಗೆ ಹೇಳಿದ್ದಲ್ಲ. ತಂದೆ ಕಲಿಯದ್ದನ್ನು ಮಗ ಬೇಗ ಬಿಡುತ್ತಾನೆ. ಗಂಡಸರನ್ನು ಕರೆತರುವ ಸುಲಭ ಸಂದರ್ಭಗಳು ಮೂರು: ಮಗುವಿನ ಜ್ಞಾನಸ್ನಾನ, ಮದುವೆ ಸಿದ್ಧತೆ, ಮನೆಯಲ್ಲಿ ಸಾವು. ಮಗುವಿನ ಜ್ಞಾನಸ್ನಾನಕ್ಕೆ ಮೊದಲು ತಂದೆತಾಯಿಗಳಿಗೂ ಜ್ಞಾನಪಿತೃಗಳಿಗೂ ಅದರ ಅರ್ಥವನ್ನು ತಿಳಿಸಬೇಕೆಂದು ಕಾನೂನು ಸಂಹಿತೆಯ 851ನೇ ನಿಯಮ ಹೇಳುತ್ತದೆ. ಊಟದ ಏರ್ಪಾಡಿಗೆ ಒಂದು ವಾರ ಓಡಾಡುವವರು ಇದಕ್ಕೆ ಎರಡು ಸಂಜೆ ಕೊಡಬಲ್ಲರು.

ಲೈನ್ ಮನೆಗಳ ಹೊಸಬರು

ಕೊನೆಯದಾಗಿ ಇತ್ತೀಚಿನ ವರ್ಷಗಳ ಒಂದು ಬದಲಾವಣೆ. ಸ್ಥಳೀಯ ಆಳುಗಳು ಕಡಿಮೆಯಾದಂತೆ ಅಸ್ಸಾಂ, ಜಾರ್ಖಂಡ್, ಒಡಿಶಾ ಕಡೆಯ ಕುಟುಂಬಗಳು ಕಾಫಿ ತೋಟಗಳಿಗೆ ಬರುತ್ತಿವೆ. ಛೋಟಾನಾಗಪುರ ಮೂಲದ ಉರಾಂವ್, ಮುಂಡಾ, ಖಡಿಯಾ ಜನಾಂಗಗಳಲ್ಲಿ ತಲೆಮಾರುಗಳಿಂದ ಕಥೋಲಿಕರಾದವರು ಬಹಳ. ಅವರು ವಿಶ್ವಾಸ ಕಲಿತದ್ದು ಹಿಂದಿಯಲ್ಲಿ, ಸಾದ್ರಿಯಲ್ಲಿ. ಎಷ್ಟೋ ತೋಟಗಳಲ್ಲಿ ವಾರದ ರಜೆ ಭಾನುವಾರವಲ್ಲ, ಸಂತೆಯ ದಿನ. ಹಾಗಾಗಿ ಅವರು ಪೂಜೆಗೆ ಕಾಣಿಸುವುದು ಕ್ರಿಸ್ಮಸ್ ರಾತ್ರಿ, ಹಿಂದಿನ ಸಾಲಿನಲ್ಲಿ. ಯಾವ ವಾರ್ಡಿನ ಪಟ್ಟಿಯಲ್ಲೂ ಅವರ ಹೆಸರಿರುವುದಿಲ್ಲ. ನಮ್ಮ ಅಜ್ಜಂದಿರು ಗಟ್ಟ ಹತ್ತಿದಾಗ ಇದ್ದ ಸ್ಥಿತಿ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ.

ಇಂಥವರಿಗೆ ದೊಡ್ಡ ಕಾರ್ಯಕ್ರಮ ಬೇಕಿಲ್ಲ. ರೈಟರಾಗಿರುವ ನಮ್ಮವರು ಹೊಸದಾಗಿ ಬಂದ ಕುಟುಂಬಗಳಲ್ಲಿ ಕಥೋಲಿಕರು ಯಾರೆಂದು ವಿಚಾರಿಸಿ ಗುರ್ಕಾರರಿಗೆ ತಿಳಿಸಬಹುದು. ಸಂತೆಯ ದಿನ ಸಂಜೆ ಲೈನಿನಲ್ಲೇ ಒಂದು ಕೂಟ ಇಟ್ಟು, ಹಿಂದಿ ಬೈಬಲ್ಲಿನಿಂದ ಅವರಲ್ಲೇ ಒಬ್ಬರು ಓದುವಂತೆ ಮಾಡಬಹುದು. ಮದುವೆಗೋ ಮಗುವಿನ ಜ್ಞಾನಸ್ನಾನಕ್ಕೋ ಊರಿನ ಧರ್ಮಕೇಂದ್ರದಿಂದ ಪತ್ರ ಬೇಕಾದಾಗ ಅದು ಬರಲು ವಾರಗಳು ಹಿಡಿಯುತ್ತವೆ. ಕಚೇರಿಯಿಂದ 'ಪತ್ರ ಬಂದ ಮೇಲೆ ಬನ್ನಿ' ಎಂದು ಕಳುಹಿಸುವ ಬದಲು, ಆ ವಾರಗಳಲ್ಲೇ ಸಿದ್ಧತೆಯ ಸಂಜೆಗಳನ್ನು ಆರಂಭಿಸಲು ಯಾವ ನಿಯಮವೂ ಅಡ್ಡಿಯಿಲ್ಲ.